ಒಲ್ಲೆ ಎಂದವರ ಲೆಕ್ಕ

ನಮ್ಮ ಅಜ್ಜ ಕಲಿತದ್ದು ಬೆಟಗೇರಿಯ ಮಿಷನ್ ಸಾಲಿಯಲ್ಲಿ. ಬೈಬಲ್ಲಿನ ವಾಕ್ಯಗಳನ್ನು ತಪ್ಪಿಲ್ಲದೆ ಒಪ್ಪಿಸಿದ್ದಕ್ಕೆ ಒಂದು ವರ್ಷ ಅವನಿಗೆ ಪುಸ್ತಕ ಬಹುಮಾನ ಬಂದಿತ್ತು. ಲೂಕನ ಸುವಾರ್ತೆ, ಅಂಗೈಯಗಲದ್ದು, ಕಂದು ರಟ್ಟು. ಮುಂದೆ ಮಗ್ಗಕ್ಕೆ ಕೂತ ಮೇಲೆ ಅಜ್ಜ ಅದೇ ಪುಸ್ತಕದ ಅಂಚುಗಳಲ್ಲಿ ನೂಲಿನ ಲೆಕ್ಕ ಬರೆಯುತ್ತಿದ್ದ. ಇಷ್ಟು ಲಡಿ ಬಂತು, ಇಷ್ಟು ಸೀರೆ ಹೋಯಿತು, ಇಷ್ಟು ಬಾಕಿ. ಕಾಗದ ತುಟ್ಟಿಯಿದ್ದ ಕಾಲ. ಪುಸ್ತಕ ಗಟ್ಟಿಯಾಗಿತ್ತು, ಅಂಚು ಅಗಲವಾಗಿತ್ತು.

ಬಾಸೆಲ್ ಮಿಷನ್ನಿನ ಉತ್ತರ ಕರ್ನಾಟಕದ ಕೆಲಸದ ಬಗ್ಗೆ ಪಿಎಚ್.ಡಿ. ಮಾಡುತ್ತೇನೆ ಎಂದು ನಾನು ಹೇಳಿದಾಗ ಅಜ್ಜ ಇನ್ನೂ ಇದ್ದ. ಕಿವಿ ಮಂದವಾಗಿತ್ತು. ಸಂಶೋಧನೆಯ ಹುಮ್ಮಸ್ಸಿನಲ್ಲಿ ಅವನನ್ನೇ ಮೊದಲ ಮಾಹಿತಿದಾರನನ್ನಾಗಿ ಕೂರಿಸಿಕೊಂಡು ಕೇಳಿದೆ:

"ಅಜ್ಜಾ, ಅಷ್ಟು ವರ್ಷ ಅವರ ಸಾಲ್ಯಾಗ ಕಲ್ತಿ. ನೀ ಯಾಕ ಕ್ರಿಶ್ಚನ್ ಆಗ್ಲಿಲ್ಲ?"

"ಅವರು ಕೇಳಿದ್ರು, ನಾವು ಕೇಳಿದ್ವಿ, ಮನಿಗೆ ಬಂದ್ವಿ," ಅಂದ.

ನಾನು ಇದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ನಕ್ಕೆ. ಕೇಳುವುದು ಎಂಬ ಒಂದೇ ಕ್ರಿಯಾಪದದಲ್ಲಿ ಪಾದ್ರಿಯ ಕೆಲಸವೂ ಅಜ್ಜನ ಕೆಲಸವೂ ಮುಗಿದುಹೋಗಿತ್ತು. ಆದರೆ ಓದುತ್ತ ಹೋದಂತೆ ನನ್ನ ವಿಷಯದ ಹೆಚ್ಚಿನ ಪಾಲು ಆ ಮಾತಿನೊಳಗೇ ಇದೆ ಅನ್ನಿಸತೊಡಗಿತು. ಮಿಷನ್ ಇತಿಹಾಸ ಬರೆದವರೆಲ್ಲ ಹೂಂ ಎಂದವರ ಹಿಂದೆ ಹೋಗಿದ್ದಾರೆ. ಮೆಚ್ಚುವವರು ಅವರನ್ನು ಉದ್ಧಾರವಾದವರು ಎನ್ನುತ್ತಾರೆ, ಮೆಚ್ಚದವರು ಮೋಸಹೋದವರು ಎನ್ನುತ್ತಾರೆ. ಇವತ್ತು ಮತಾಂತರ ಎಂಬ ಶಬ್ದ ಕಿವಿಗೆ ಬಿದ್ದ ಕೂಡಲೇ ನಮ್ಮ ಬಾಯಿಗೆ ಬರುವುದೂ ಈ ಎರಡೇ ಮಾತು. ನಿಂತು ಪೂರ್ತಿ ಕೇಳಿ, ಬೇಡ ಎಂದು ಹೇಳಿ, ತಲೆಯ ಮೇಲೆ ಗಂಟು ಹೊತ್ತು ಸಂತೆಗೆ ಹೋದವನಿಗೆ ಈ ಎರಡು ಕಥೆಗಳಲ್ಲೂ ಜಾಗವಿಲ್ಲ. ಸಂಖ್ಯೆಯಲ್ಲಿ ನೋಡಿದರೆ ಅವನೇ ಹೆಚ್ಚು. ಅವನಿಗೆ ಪಾದ್ರಿಗಳು ಏನು ಉತ್ತರ ಕೊಟ್ಟರು ಎಂಬುದನ್ನು ನೋಡಹೊರಟರೆ ನಮ್ಮ ಭಾಷೆಯ ಇತಿಹಾಸದ ಒಂದು ದೊಡ್ಡ ತುಂಡೇ ಕೈಗೆ ಬರುತ್ತದೆ.

ಬೋಧಕನಿಗೆ ಇದರ ಬಗ್ಗೆ ಶಾಸ್ತ್ರದಲ್ಲೇ ಸೂಚನೆಯಿದೆ. ಮತ್ತಾಯನ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲಿ ಯೇಸು ತನ್ನ ಶಿಷ್ಯರನ್ನು ಊರೂರಿಗೆ ಕಳಿಸುವಾಗ, ಯಾವ ಊರು ನಿಮ್ಮನ್ನು ಸೇರಿಸಿಕೊಳ್ಳುವುದಿಲ್ಲವೋ ಅಲ್ಲಿಂದ ಹೊರಡುವಾಗ ಕಾಲಿನ ಧೂಳನ್ನು ಝಾಡಿಸಿಬಿಡಿ ಎನ್ನುತ್ತಾನೆ. ಪೌಲನೂ ಬಾರ್ನಬನೂ ಪಿಸಿದ್ಯದ ಅಂತಿಯೋಕ್ಯದಲ್ಲಿ ಹಾಗೇ ಮಾಡಿದರೆಂದು ಅಪೊಸ್ತಲರ ಕೃತ್ಯಗಳಲ್ಲಿದೆ. ಆದರೆ ಒಂದು ಭಾಷೆ ಕಲಿಯಲು ಐದು ವರ್ಷ, ಮನೆ ಕಟ್ಟಲು ಎರಡು ವರ್ಷ ಹಾಕಿದವನು ಅಷ್ಟು ಸುಲಭಕ್ಕೆ ಎದ್ದು ಹೋಗಲಾರ. ಅದೂ ಅಲ್ಲದೆ ನಮ್ಮ ಗದಗ ಸೀಮೆಯ ಎರೆಮಣ್ಣು ಮಳೆಗಾಲದಲ್ಲಿ ಕಾಲಿಗೆ ಹತ್ತಿದರೆ ಝಾಡಿಸಿದರೆ ಹೋಗುವಂಥದ್ದಲ್ಲ, ಕೆರೆಯಬೇಕು.

ಧೂಳು ಝಾಡಿಸಿ ಹೋದವರೂ ಇದ್ದಾರೆ. ಅವರಲ್ಲಿ ಹೆಸರಾದವರು ಅಬ್ಬೆ ದುಬಾಯ್. ಫ್ರಾನ್ಸಿನ ಈ ಕ್ಯಾಥೊಲಿಕ್ ಪಾದ್ರಿ 1792ರಲ್ಲಿ ಭಾರತಕ್ಕೆ ಬಂದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯ ಚದುರಿಹೋದ ಕ್ರೈಸ್ತರನ್ನು ಮತ್ತೆ ಕೂಡಿಸುವ ಕೆಲಸ ಅವರ ಪಾಲಿಗೆ ಬಂತು. ದೇಶೀ ಉಡುಪು, ತಲೆಗೆ ರುಮಾಲು, ಸಸ್ಯಾಹಾರ. ಜನ ಅವರನ್ನು ದೊಡ್ಡಸ್ವಾಮಿಯವರು ಎಂದು ಕರೆದರು. ಸಿಡುಬಿನ ಲಸಿಕೆಯನ್ನು ಈ ಸೀಮೆಯಲ್ಲಿ ಮೊದಮೊದಲು ಹಾಕಿಸಿದವರಲ್ಲಿ ಅವರೂ ಒಬ್ಬರು, ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಜನಕ್ಕೆ ಎಂಬ ಲೆಕ್ಕವಿದೆ. ಲಸಿಕೆಗೆ ತೋಳು ಚಾಚಿದ ಜನ ಧರ್ಮಕ್ಕೆ ಚಾಚಲಿಲ್ಲ. ಮೂವತ್ತೊಂದು ವರ್ಷವಿದ್ದು 1823ರಲ್ಲಿ ಅವರು ವಾಪಸು ಹೊರಟರು. ಅದೇ ವರ್ಷ ಲಂಡನ್ನಿನಲ್ಲಿ ಭಾರತದ ಕ್ರೈಸ್ತಧರ್ಮದ ಸ್ಥಿತಿಯ ಕುರಿತ ಅವರ ಪತ್ರಗಳು ಪುಸ್ತಕವಾಗಿ ಬಂದವು. ಹಿಂದೂಗಳನ್ನು ಕ್ರೈಸ್ತರನ್ನಾಗಿ ಮಾಡುವುದು ಆಗದ ಮಾತು ಎಂದು ಅದರಲ್ಲಿ ಸಾರಿಬಿಟ್ಟಿದ್ದರು. ಇಷ್ಟು ವರ್ಷದಲ್ಲಿ ನಾನು ಸೇರಿಸಿದವರು ಇನ್ನೂರು ಮುನ್ನೂರು ಮಂದಿ, ಅವರಲ್ಲಿ ಬಹುಪಾಲು ಗತಿಯಿಲ್ಲದವರು ಎಂದು ಲೆಕ್ಕವನ್ನೂ ಒಪ್ಪಿಸಿದರು. ಇಂಗ್ಲೆಂಡಿನ ಪ್ರಾಟೆಸ್ಟೆಂಟ್ ವಲಯದಲ್ಲಿ ಇದಕ್ಕೆ ಗದ್ದಲವೆದ್ದು, ಮರುವರ್ಷವೇ ಪುಸ್ತಕರೂಪದ ಖಂಡನೆಗಳು ಬಂದವು.

ಆ ಪತ್ರಗಳಲ್ಲಿ ಒಂದು ಪ್ರಸಂಗ ನನಗೆ ಬಹಳ ಇಷ್ಟ. ದುಬಾಯ್ ಒಮ್ಮೆ ತಪ್ಪಿಹೋದ ಮಗನ ಸಾಮತಿ ಹೇಳುತ್ತಿದ್ದರು. ಹಾಳಾಗಿ ಹೋದ ಮಗ ಮನೆಗೆ ಮರಳಿದಾಗ ತಂದೆ ಸಂತೋಷಪಟ್ಟು ಕೊಬ್ಬಿದ ಕರುವನ್ನು ಕಡಿಸಿ ಔತಣ ಮಾಡಿಸುತ್ತಾನಲ್ಲ, ಆ ಕಥೆ. ಉಪದೇಶ ಮುಗಿದ ಮೇಲೆ ಅವರ ಸಭೆಯ ಕ್ರೈಸ್ತರೇ ಮುಖ ಗಂಟಿಕ್ಕಿಕೊಂಡು ಬಂದು ಆಕ್ಷೇಪಿಸಿದರಂತೆ: ಕರುವಿನ ಮಾತು ಎತ್ತಬಾರದಿತ್ತು, ಬೇರೆಯವರು ಯಾರಾದರೂ ಕೇಳಿಸಿಕೊಂಡಿದ್ದರೆ ನಮ್ಮ ಮಾನ ಏನಾಗಬೇಕು, ಇನ್ನು ಮುಂದೆ ಈ ಕಥೆ ಹೇಳುವಾಗ ಕರುವಿನ ಬದಲು ಕುರಿಮರಿ ಎನ್ನಿ. ಹೂಂ ಎಂದವರೊಳಗೂ ಒಂದು ಊಹೂಂ ಇರುತ್ತದೆ ಎಂಬುದು ದುಬಾಯ್‌ಗೆ ಗೊತ್ತಾದದ್ದು ಇಂಥಲ್ಲಿ. (ಇದನ್ನು ಓದಿದ ದಿನ ಮನೆಗೆ ಹೋಗಿ ಅಜ್ಜನ ಲೂಕನನ್ನು ತೆಗೆದು ನೋಡಿದೆ. ಕರು ಕರುವಾಗಿಯೇ ಇದೆ. ಪಕ್ಕದ ಅಂಚಿನಲ್ಲಿ ನೂಲಿನ ಲಡಿ.)

ದುಬಾಯ್‌ರನ್ನು ಕ್ರೈಸ್ತರಿಗಿಂತ ಕ್ರೈಸ್ತೇತರರು ಹೆಚ್ಚು ಓದಿದ್ದಾರೆ. ಹಿಂದೂಗಳ ರೀತಿನೀತಿಗಳ ಬಗ್ಗೆ ಅವರು ಕೊಟ್ಟ ಹಸ್ತಪ್ರತಿಯನ್ನು ಕಂಪನಿ ಸರಕಾರ 1807ರಲ್ಲಿ ಕೊಂಡುಕೊಂಡಿತು, 1816ರಲ್ಲಿ ಅದು ಇಂಗ್ಲಿಷಿನಲ್ಲಿ ಅಚ್ಚಾಯಿತು. ಅದರ ದೊಡ್ಡ ಭಾಗ ಅವರಿಗಿಂತ ಹಿಂದಿನ ಕೂರ್ದು ಎಂಬ ಜೆಸ್ವಿಟ್ ಪಾದ್ರಿಯ ಬರಹದಿಂದ ಎತ್ತಿದ್ದೆಂದು ಈಚಿನ ಸಂಶೋಧನೆ ತೋರಿಸಿಕೊಟ್ಟಿದೆ. ಇರಲಿ. ತನ್ನ ಮಾತನ್ನು ಕೇಳದ ಜನ ಯಾಕೆ ಕೇಳುತ್ತಿಲ್ಲ ಎಂದು ತಿಳಿಯಲು ಕೂತವನು ಕೊನೆಗೆ ಆ ಜನರ ಬಗ್ಗೆಯೇ ಪುಸ್ತಕ ಒಪ್ಪಿಸಿದ. ಪ್ರೀತಿಯಿಂದ ಬರೆದ ಪುಸ್ತಕವೇನಲ್ಲ, ಬ್ರಾಹ್ಮಣರ ಬಗ್ಗೆ ಅದರಲ್ಲಿರುವ ಕಹಿಯನ್ನು ಓದಿದವರೆಲ್ಲ ಬಲ್ಲರು.

ದುಬಾಯ್ ಹೋದ ಹನ್ನೊಂದು ವರ್ಷಕ್ಕೆ, 1834ರಲ್ಲಿ, ಬಾಸೆಲ್ ಮಿಷನ್ನಿನ ಮೊದಲ ಮೂವರು ಮಂಗಳೂರಿಗೆ ಬಂದಿಳಿದರು. ಅವರಲ್ಲೊಬ್ಬ ಸ್ಯಾಮುಯೆಲ್ ಹೆಬಿಕ್. ಈತನ ಉತ್ತರ ಸರಳವಾಗಿತ್ತು: ಬೇಡ ಎಂದರೆ ಇನ್ನೂ ಗಟ್ಟಿಯಾಗಿ ಹೇಳುವುದು. ಮುಂದೆ ಕಣ್ಣೂರಿಗೆ ಹೋದ ಮೇಲೆ ತಳಿಪರಂಬ, ಪಯ್ಯಾವೂರುಗಳ ದೇವಸ್ಥಾನದ ಜಾತ್ರೆಗಳಿಗೇ ಹೋಗಿ ನಿಂತು ಬೋಧಿಸುತ್ತಿದ್ದ, ಕಲ್ಲು ಮಣ್ಣು ಬೀಳುತ್ತಿತ್ತು, ಮುಂದಿನ ಜಾತ್ರೆಗೆ ಮತ್ತೆ ಹೋಗುತ್ತಿದ್ದ. ಅವನ ಧೈರ್ಯವನ್ನು ಹೊಗಳಿ ಬರೆದವರಿದ್ದಾರೆ. ನನಗೆ ಅವನಲ್ಲಿ ಅಷ್ಟು ಆಸಕ್ತಿಯಿಲ್ಲ. ಎದುರಿನವನು ಬೇಡ ಎಂದದ್ದು ಹೆಬಿಕ್‌ನ ಕಿವಿಗೆ ಬಿತ್ತೇ ಎಂಬುದೇ ಅನುಮಾನ.

ಹರ್ಮನ್ ಮೊಗ್ಲಿಂಗ್‌ಗೆ ಬಿತ್ತು. ಅದೂ ಸುಲಭಕ್ಕೆ ಬೀಳಲಿಲ್ಲ. ಮೊದಲ ಪೆಟ್ಟು ಬಿದ್ದದ್ದು ನಮ್ಮ ಕಡೆಯೇ. 1830ರ ದಶಕದ ಕೊನೆಗೆ ಧಾರವಾಡ ಹುಬ್ಬಳ್ಳಿಗಳಲ್ಲಿ ಠಾಣೆಗಳು ಆದಾಗ, ಲಿಂಗಾಯತರ ನಡುವಿನ ಕಾಲಜ್ಞಾನದ ಒಂದು ಪಂಥದವರು ತಾವಾಗಿಯೇ ಪಾದ್ರಿಗಳ ಬಳಿ ಬಂದರು. ತಮ್ಮ ಗ್ರಂಥಗಳಲ್ಲಿ ಹೇಳಿದ ಹೊಸ ಕಾಲಕ್ಕೂ ಇವರು ಹೇಳುವ ಮಾತಿಗೂ ಸಂಬಂಧವಿದೆ ಎಂದು ಅವರಿಗೆ ಕಂಡಿತ್ತು. ಪಾದ್ರಿಗಳಿಗೆ ಸ್ವರ್ಗ ಮೂರೇ ಗೇಣು. ಸಾವಿರಗಟ್ಟಲೆ ಜನ ಒಟ್ಟಿಗೆ ಬರುತ್ತಾರೆ, ಬಂದವರನ್ನು ಜಾತಿಯವರು ಹೊರಹಾಕಿದರೆ ಇರಲು ಜಾಗ ಬೇಕು ಎಂದು ಗದಗಿನ ಹತ್ತಿರದ ಮಳಸಮುದ್ರದಲ್ಲಿ 1841ರಲ್ಲಿ ನೆಲ ಹಿಡಿದು ವಸಾಹತು ಮಾಡಿದರು. ಅವರು ಕಾದಂತೆ ಯಾರೂ ಬರಲಿಲ್ಲ. ಕಾಲಜ್ಞಾನದವರು ಮಾತು ಬೆಳೆಸಿದರು, ಗ್ರಂಥ ತೋರಿಸಿದರು, ಒಪ್ಪಿದಂತೆಯೂ ಕಂಡರು, ಊರಿಗೆ ಹೋದರು. ಹೊಲ, ಬಂಗಲೆ, ಕಾದು ಕೂತ ಪಾದ್ರಿ ಉಳಿದರು. ಕೆಲವೇ ವರ್ಷಗಳಲ್ಲಿ ಅದನ್ನು ಕೈಬಿಟ್ಟರು.

ಮಿಷನ್ನಿನ ಇತಿಹಾಸಗಳು ಇದನ್ನು ಮೋಸವೆಂದೋ ಭ್ರಮೆಯೆಂದೋ ಒಂದು ಪುಟದಲ್ಲಿ ಮುಗಿಸುತ್ತವೆ. ನನಗೆ ಹಾಗೆ ಕಾಣುವುದಿಲ್ಲ. ಇದು ಬೆಟಗೇರಿಯಿಂದ ನಡೆದು ಹೋಗುವಷ್ಟು ದೂರದ ಊರು, ಇಲ್ಲಿನ ಮಾತುಕತೆಯ ರೀತಿ ನನಗೆ ಗೊತ್ತು. ಮನೆಗೆ ಬಂದ ಜಂಗಮನ ಜೊತೆ, ಫಕೀರನ ಜೊತೆ, ಶರೀಫರ ಹಾಡು ಹೇಳುವವನ ಜೊತೆ ತಾಸುಗಟ್ಟಲೆ ಕೂತು, ಖರೇ ಐತ್ರಿ, ನೀವು ಹೇಳೂದು ಖರೇ ಐತಿ ಎನ್ನುತ್ತಾರೆ. ಖರೇ ಎಂದರೆ ನಾಳೆಯಿಂದ ನಿಮ್ಮ ಮನೆಗೆ ಬರುತ್ತೇನೆ ಎಂದರ್ಥವಲ್ಲ. ಒಂದು ಮಾತು ಸತ್ಯವಾಗಿರಬಹುದು, ಅದರ ಪಕ್ಕದಲ್ಲಿ ಇನ್ನೊಂದೂ ಸತ್ಯವಾಗಿರಬಹುದು. ಸತ್ಯವೊಂದೇ ಎಂದು ಕಲಿತು ಬಂದ ವ್ಯೂರ್ಟೆಂಬರ್ಗಿನ ತರುಣರಿಗೆ ಈ ಒಪ್ಪಿಗೆ ಒಪ್ಪಿಗೆಯಲ್ಲ ಎಂದು ತಿಳಿಯುವ ದಾರಿಯೇ ಇರಲಿಲ್ಲ.

ಎರಡನೆಯ ಪೆಟ್ಟು ಮಂಗಳೂರಿನಲ್ಲಿ. ಅದು ಗಂಡಾಂತರದ್ದು. ಮಿಷನ್ನಿನ ಇಂಗ್ಲಿಷ್ ಶಾಲೆಗೆ ಸಾರಸ್ವತ ಬ್ರಾಹ್ಮಣರ ಮಕ್ಕಳು ಬರುತ್ತಿದ್ದರು. 1844ರ ಜನವರಿಯಲ್ಲಿ ಆನಂದರಾವ್ ಕೌಂಡಿನ್ಯ ಎಂಬ ತರುಣ, ಜೊತೆಗೆ ಇನ್ನಿಬ್ಬರು, ದೀಕ್ಷಾಸ್ನಾನ ತೆಗೆದುಕೊಂಡರು. ಊರು ಕುದಿಯಿತು. ಶಾಲೆಯಿಂದ ಮಕ್ಕಳನ್ನು ಬಿಡಿಸಿಕೊಂಡು ಹೋದರು. ಆ ಹೊತ್ತಿಗೆ ಮೊಗ್ಲಿಂಗ್ 'ಮಂಗಳೂರ ಸಮಾಚಾರ' ಶುರುಮಾಡಿ ಆರು ತಿಂಗಳಾಗಿತ್ತಷ್ಟೆ, 1843ರ ಜುಲೈ ಒಂದರಂದು ಅದರ ಮೊದಲ ಸಂಚಿಕೆ. ನಾವು ಕನ್ನಡ ಪತ್ರಿಕೋದ್ಯಮದ ಹುಟ್ಟುಹಬ್ಬ ಆಚರಿಸುವುದು ಆ ದಿನ. ಅದೇ 1844ರಲ್ಲಿ ಪತ್ರಿಕೆ ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ'ವಾಗಿ, ಸ್ವಲ್ಪ ಕಾಲಕ್ಕೆ ನಿಂತಿತು.

ಕೌಂಡಿನ್ಯರ ಕಥೆಯಲ್ಲಿ ಎಲ್ಲರೂ ನೋಡುವುದು ಕೌಂಡಿನ್ಯರನ್ನು. ಹರ್ಮನ್ ಆನಂದರಾವ್ ಎಂದು ಹೆಸರಾಗಿ ಬಾಸೆಲ್ಲಿಗೆ ಹೋಗಿ ಓದಿ 1851ರಲ್ಲಿ ದೀಕ್ಷಿತ ಪಾದ್ರಿಯಾಗಿ ಮರಳಿದರು. ಮಂಗಳೂರಿನ ಸೆಮಿನರಿಯಲ್ಲಿ ಪಾಠ ಹೇಳಿದರು. ಆದರೆ ದೀಕ್ಷೆಯ ಹೊತ್ತಿಗೆ ಅವರಿಗೆ ಮದುವೆಯಾಗಿತ್ತು. ಹೆಂಡತಿ ಅವರ ಹಿಂದೆ ಬರಲಿಲ್ಲ. ತವರಿನವರು ತಡೆದರೋ, ಆಕೆಯೇ ಒಲ್ಲೆನೆಂದಳೋ, ನಾನು ಓದಿದಷ್ಟರಲ್ಲಿ ಆಕೆಯ ಸ್ವಂತ ಮಾತು ಎಲ್ಲೂ ಸಿಕ್ಕಿಲ್ಲ. ವರ್ಷಗಳ ನಂತರ, 1860ರಲ್ಲಿ, ಕೌಂಡಿನ್ಯರು ಮರೀ ರೈನ್‌ಹಾರ್ಟ್ ಎಂಬ ಜರ್ಮನ್ ಮಹಿಳೆಯನ್ನು ಮದುವೆಯಾದರು. ದೇಶದ ಮೇಲೆ ಇಂಥ ಪ್ರಕರಣಗಳು ಎಷ್ಟಾದವೆಂದರೆ 1866ರಲ್ಲಿ ಸರಕಾರ ಮತಾಂತರಗೊಂಡವರ ವಿವಾಹ ವಿಚ್ಛೇದನೆಗೆಂದೇ ಕಾಯಿದೆ ಮಾಡಬೇಕಾಯಿತು. ಅದರ ವಿಧಾನ ಗಮನಿಸುವಂಥದ್ದು. ಗಂಡ ಕ್ರೈಸ್ತನಾಗಿ ಹೆಂಡತಿ ಬಿಟ್ಟುಹೋದರೆ, ನ್ಯಾಯಾಧೀಶ ಆಕೆಯನ್ನು ಕರೆಸಿ ಗಂಡನ ಜೊತೆ ಬಾಳಲು ಯಾಕೆ ಒಲ್ಲೆ ಎಂದು ಕೇಳಬೇಕು, ಆಮೇಲೂ ಒಂದು ವರ್ಷ ಕಾಯಬೇಕು. ಊರಿನ ಪಂಚರು, ಪಾದ್ರಿ, ಗಂಡ ಯಾರೂ ಕೇಳದ ಪ್ರಶ್ನೆಯನ್ನು ಕಾಗದದ ಮೇಲಾದರೂ ಒಂದು ಕಾಯಿದೆ ಕೇಳಿತು. ಕೌಂಡಿನ್ಯರ ಹೆಂಡತಿಗೆ ಅದು ಇಪ್ಪತ್ತೆರಡು ವರ್ಷ ತಡವಾಗಿ ಬಂತು.

ಈ ಪೆಟ್ಟುಗಳ ನಂತರದ ವರ್ಷಗಳಲ್ಲೇ ಮೊಗ್ಲಿಂಗ್ ಹಸ್ತಪ್ರತಿಗಳ ಹಿಂದೆ ಬಿದ್ದದ್ದು. 1848ರಿಂದ 'ಬಿಬ್ಲಿಯೋಥಿಕಾ ಕರ್ನಾಟಿಕಾ' ಎಂಬ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ತೊರವೆ ರಾಮಾಯಣ, ದಾಸರ ಪದಗಳು ಕಲ್ಲಚ್ಚಿನಲ್ಲಿ ಬಂದವು. ಕಾಸಾಮೇಜರ್ ಎಂಬ ನಿವೃತ್ತ ನ್ಯಾಯಾಧೀಶ ಹಣ ಕೊಟ್ಟ. ಯೋಚಿಸಿದರೆ ವಿಚಿತ್ರ. ಪುರಾಣ ಸುಳ್ಳು ಎಂದು ಸಾರಲು ಬಂದವನು ಪುರಾಣ ಅಚ್ಚು ಹಾಕಿಸುತ್ತಾನೆ. ಮಿಷನ್ನಿಗೆ ಅವನು ಕೊಡಬಹುದಾಗಿದ್ದ ಸಮಜಾಯಿಷಿ ಗೊತ್ತಿರುವಂಥದ್ದೇ: ಜನರ ಮನಸ್ಸು ಮುಟ್ಟಬೇಕಾದರೆ ಜನರ ಭಾಷೆ ಬೇಕು, ಆ ಭಾಷೆ ಇರುವುದು ಇವುಗಳಲ್ಲಿ. ಅದು ನಿಜವೇ. ಆದರೆ ಓಲೆಗರಿಯ ಮುಂದೆ ವರ್ಷಗಟ್ಟಲೆ ಕೂತವನನ್ನು ಬರೀ ಆ ಕಾರಣ ಕೂರಿಸಿತೆಂದು ನಂಬುವುದು ನನಗೆ ಕಷ್ಟ. ತಾನು ಹೇಳುವುದಕ್ಕಿಂತ ಮೊದಲೇ ಈ ಜನ ಕೇಳುತ್ತಿದ್ದುದು ಏನು ಎಂಬ ಕುತೂಹಲ ಅವನಿಗೆ ಹತ್ತಿರಬೇಕು.

ಆ ಕುತೂಹಲ ಪೂರ್ತಿ ತಲೆಗೇರಿದ್ದು ಫರ್ಡಿನೆಂಡ್ ಕಿಟೆಲ್‌ಗೆ. 1853ರಲ್ಲಿ ಬಂದು ಧಾರವಾಡ ಹುಬ್ಬಳ್ಳಿ ಸೀಮೆಯಲ್ಲಿ ಕೆಲಸ ಶುರುಮಾಡಿದ ಕಿಟೆಲ್, ನಾವು ಬಂಗಲೆಯಲ್ಲಿ ದೊರೆಗಳಂತೆ ಇದ್ದುಕೊಂಡು ಬೋಧಿಸಿದರೆ ಯಾರು ಕೇಳುತ್ತಾರೆ ಎಂಬ ತಕರಾರು ತೆಗೆದ. ಹಿರಿಯರಿಗೆ ಸಿಟ್ಟು ಬಂತು, ನೀಲಗಿರಿಯ ಕೇಟಿಗೆ ಅಟ್ಟಿದರು. ಹೀಗೆ ಅವನಿಗೆ ಎರಡೂ ಕಡೆಯಿಂದ ನಿರಾಕರಣೆ. ಕೇಳುವವರೂ ಒಪ್ಪಲಿಲ್ಲ, ಕಳಿಸಿದವರೂ ಒಪ್ಪಲಿಲ್ಲ. 1862ರಲ್ಲಿ ಯೇಸುವಿನ ಕಥೆಯನ್ನು ನಮ್ಮ ಛಂದಸ್ಸಿನಲ್ಲೇ 'ಕಥಾಮಾಲೆ' ಎಂದು ಬರೆದ. ಅದನ್ನು ಹಾಡಿಕೊಂಡು ಯಾರೂ ಮತಾಂತರವಾದಂತಿಲ್ಲ. ಅವನು ಮಾತ್ರ ಛಂದಸ್ಸಿನ ಬೆನ್ನು ಬಿಡಲಿಲ್ಲ, ಕೇಶಿರಾಜನ 'ಶಬ್ದಮಣಿದರ್ಪಣ', ನಾಗವರ್ಮನ 'ಛಂದೋಂಬುಧಿ' ಎಂದು ಹೊರಟು 1894ರ ನಿಘಂಟಿನಲ್ಲಿ ಬಂದು ನಿಂತ. ಸುಮಾರು 70,000 ಪದ. ಒಲ್ಲೆ ಎಂಬ ನಮ್ಮ ಪದ ಒಲ್ ಎಂಬ ಧಾತುವಿನದು, ಒಲವು ಹುಟ್ಟಿದ್ದೂ ಅದರಿಂದಲೇ. ನಿಘಂಟಿನಲ್ಲಿ ಆ ಪುಟ ತೆರೆದಾಗಲೆಲ್ಲ, ಈ ಪದವನ್ನು ಬೀದಿಯಲ್ಲಿ ಅವನು ಎಷ್ಟು ಸಲ ಕೇಳಿರಬಹುದೆಂದು ಅನ್ನಿಸುತ್ತದೆ.

ಇಲ್ಲಿಯವರೆಗೆ ಬರೆದದ್ದನ್ನು ಒಂದು ವಿಚಾರಸಂಕಿರಣದಲ್ಲಿ ಓದಿದೆ. ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು, ಒಲ್ಲೆ ಎಂದವರಲ್ಲಿ ನೀವು ಹೆಸರಿಸಿದವರೆಲ್ಲ ಯಾವ ಜಾತಿಯವರು ಎಂದು ಕೇಳಿದಳು. ನನ್ನಲ್ಲಿ ಉತ್ತರ ಇರಲಿಲ್ಲ ಎನ್ನುವುದಕ್ಕಿಂತ, ಉತ್ತರ ಗೊತ್ತಿದ್ದೇ ಆ ಕಡೆ ತಿರುಗಿರಲಿಲ್ಲ. ಪಾದ್ರಿಗಳು ಮೊದಲು ಹೋದದ್ದು ಬ್ರಾಹ್ಮಣರ, ಲಿಂಗಾಯತರ ಬಾಗಿಲಿಗೆ. ಒಳಗೆ ಬಂದವರು ಬೇರೆಯವರು: ತುಳುನಾಡಿನಲ್ಲಿ ಬಿಲ್ಲವರು, ಕೊಡಗಿನಲ್ಲಿ ಮೊಗ್ಲಿಂಗ್ ಕಟ್ಟಿದ ಆನಂದಪುರಕ್ಕೆ ಬಂದ ಹೊಲೆಯರು. ಬಂದವರಿಗೆ ಊರಲ್ಲಿ ಕೂಲಿ ತಪ್ಪಿತು, ಬಾವಿ ತಪ್ಪಿತು, ಅದಕ್ಕೇ ಮಿಷನ್ನಿನವರು ನೇಯ್ಗೆ, ಹೆಂಚಿನ ಕಾರ್ಖಾನೆಗಳನ್ನು ತೆರೆಯಬೇಕಾಯಿತು. ಕುದುರೆಮುಖದ ಮಳೆಗೂ ಸೋರದ ಮಂಗಳೂರು ಹೆಂಚಿನ ಹಿಂದೆ ಇಂಥದ್ದೊಂದು ಬಹಿಷ್ಕಾರವಿದೆ. ಬೇಡ ಎಂದವರ ತರ್ಕ ಎಷ್ಟು ಸೂಕ್ಷ್ಮವಾಗಿದ್ದರೂ ಅದರೊಳಗೆ ಅವರ ಜೊತೆ ಕೂತು ಉಣ್ಣಬೇಕಾಗುತ್ತದೆ ಎಂಬ ಅಂಜಿಕೆಯೂ ಇತ್ತು. ಬೇಡ ಎನ್ನಲು ಅವರಿಗೆ ಮನೆಯಿತ್ತು, ಮಠವಿತ್ತು, ಮಗ್ಗವಿತ್ತು.

ಅಜ್ಜನನ್ನು ಈಗ ಹೊರಗಿಟ್ಟು ಮಾತಾಡುವಂತಿಲ್ಲ. ಮನಿಗೆ ಬಂದ್ವಿ ಎಂದ ಅಜ್ಜನಿಗೆ ಬರಲು ಒಂದು ಮನೆಯಿತ್ತು. ಅವನ ಜೊತೆ ಅದೇ ಸಾಲಿಯಲ್ಲಿ ಕಲಿತ ಒಬ್ಬ ಗೆಳೆಯನಿದ್ದ, ಅವರ ಮನೆಯವರು ಕ್ರೈಸ್ತರಾಗಿದ್ದರು. ಇಬ್ಬರೂ ಕೂಡಿ ಬೈಬಲ್ ವಾಕ್ಯ ಬಾಯಿಪಾಠ ಮಾಡಿದವರು, ಕೂಡಿ ಈಜಿದವರು. ಆದರೆ ಆ ಗೆಳೆಯನ ಮನೆಯಲ್ಲಿ ಅಜ್ಜ ಎಂದೂ ನೀರು ಕುಡಿಯಲಿಲ್ಲ. ಇದನ್ನು ಹೇಳಿದ್ದು ಅಜ್ಜಿ, ಅದೂ ಅಜ್ಜ ತೀರಿದ ಮೇಲೆ, ಏನೂ ವಿಶೇಷವಿಲ್ಲದ ಮಾತಿನಂತೆ.

ಮೊನ್ನೆ ಪ್ರಬಂಧಕ್ಕೆಂದು ಆ ಲೂಕನ ಒಂದೊಂದೇ ಪುಟದ ಫೋಟೋ ತೆಗೆಯುತ್ತಿದ್ದೆ. ಕೊನೆಯ ರಟ್ಟಿನ ಒಳಬದಿಯಲ್ಲಿ, ಪೆನ್ಸಿಲಿನಲ್ಲಿ, ಆ ಗೆಳೆಯನ ಹೆಸರಿದೆ. ಮುಂದೆ, ಸೀರೆ ಎರಡು, ಉದ್ರಿ. ಅಜ್ಜ ಹಣ ಬಂದ ಉದ್ರಿಯನ್ನೆಲ್ಲ ಅಡ್ಡಗೆರೆ ಎಳೆದು ಹೊಡೆದುಹಾಕುತ್ತಿದ್ದ, ಪುಸ್ತಕದ ತುಂಬ ಆ ಗೆರೆಗಳಿವೆ. ಇದಕ್ಕೆ ಗೆರೆಯಿಲ್ಲ. ಮೊತ್ತವನ್ನೂ ಬರೆದಿಲ್ಲ. ಉಳಿದೆಲ್ಲ ಕಡೆ ಆಣೆಗೆ ಆಣೆ ಬರೆದವನು.

ಅಜ್ಜಿಗೆ ತೋರಿಸಿದೆ. ಕನ್ನಡಕ ಏರಿಸಿಕೊಂಡು ನೋಡಿ, "ಅದು ಅವರ ಮಗಳ ಮದವಿ ವರ್ಷದ್ದು ಇರಬೇಕು," ಅಂದಳು. ಕೊಟ್ಟರೋ ಇಲ್ಲವೋ ಅವಳಿಗೂ ನೆನಪಿಲ್ಲ. ಅವರ ಮನೆಯವರು ಇನ್ನೂ ಅದೇ ಓಣಿಯಲ್ಲಿದ್ದಾರೆ. "ಹೋಗಿ ಕೇಳು," ಅನ್ನುತ್ತಾಳೆ. ಭಾನುವಾರ ಅವರು ಚರ್ಚಿನಿಂದ ಬಂದ ಮೇಲೆ ಹೋಗಬೇಕೆಂದಿದ್ದೇನೆ. ಪುಸ್ತಕ ತೆಗೆದುಕೊಂಡು ಹೋಗಬೇಕೋ ಬೇಡವೋ ಇನ್ನೂ ಗೊತ್ತಾಗಿಲ್ಲ. ನೀರು ಕೊಟ್ಟರೆ ಕುಡಿಯುತ್ತೇನೆ.